ನಾಗರಿಕ ಮತ್ತು ಸರಕಾರ: ನ್ಯಾಯಮೂರ್ತಿ ಎಂ. ಸಿ. ಛಾಗಲಾ ಅವರ ಜೀವನದ ಒಂದು ಎಳೆ

ಮುಂಬಯಿಯ ಕೋಟೆ ಪ್ರದೇಶದಲ್ಲಿ, ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರದ ನೆರೆಯಲ್ಲಿಯೇ, ಉಚ್ಚ ನ್ಯಾಯಾಲಯದ ಕಲ್ಲಿನ ಕಟ್ಟಡವಿದೆ. ನ್ಯಾಯಾಲಯ ಸ್ಥಾಪನೆಯಾದದ್ದು 1862ರಲ್ಲಿ. ಕಟ್ಟಡ ಪೂರ್ಣಗೊಂಡದ್ದು 1878ರಲ್ಲಿ. ಮುಂಬಯಿಯ ಕನ್ನಡಿಗರಿಗೆ ಇದು ಪರರ ಮನೆಯಲ್ಲ. 1956ರ ನವೆಂಬರ್ 1ರಂದು ಏಕೀಕರಣವಾಗುವವರೆಗೆ ಧಾರವಾಡ, ಬೆಳಗಾವಿ, ವಿಜಾಪುರ ಮತ್ತು ಕಾರವಾರ ಜಿಲ್ಲೆಗಳ ಜನರಿಗೆ ಇದೇ ತಮ್ಮ ಪ್ರಾಂತದ ಅತ್ಯುನ್ನತ ನ್ಯಾಯಾಲಯವಾಗಿತ್ತು. ಧಾರವಾಡದಲ್ಲಿ ರೈಲು ಹತ್ತಿ, ಪುಣೆಯಲ್ಲಿ ಗಾಡಿ ಬದಲಿಸಿ, ಕೈಯಲ್ಲಿ ಕಾಗದಪತ್ರಗಳ ಗಂಟು ಹಿಡಿದು ಈ ಮೆಟ್ಟಿಲುಗಳನ್ನು ಏರಿದ ಕನ್ನಡದ ರೈತರು, ವತನದಾರರು, ವ್ಯಾಪಾರಿಗಳು ಎಷ್ಟೋ ಮಂದಿ. ಅವರಲ್ಲಿ ಹೆಚ್ಚಿನವರ ವ್ಯಾಜ್ಯ ನೆರೆಹೊರೆಯವರೊಡನೆ, ದಾಯಾದಿಗಳೊಡನೆ. ಆದರೆ ವ್ಯಾಜ್ಯ ಸರಕಾರದೊಡನೆಯೇ ಆದಾಗ ಏನು? ಆಳುವವನನ್ನು ಆಳಿಸಿಕೊಳ್ಳುವವನು ನ್ಯಾಯಾಲಯಕ್ಕೆ ಕರೆಯಬಹುದೆ? ಕರೆದರೆ ಇಬ್ಬರೂ ಒಂದೇ ನೆಲದ ಮೇಲೆ ನಿಲ್ಲುವರೆ? ಈ ಪ್ರಶ್ನೆಗಳು ಒಬ್ಬ ವ್ಯಕ್ತಿಯ ಜೀವನದಲ್ಲಿ ಎರಡು ಬಾರಿ, ಎರಡು ವಿರುದ್ಧ ದಿಕ್ಕುಗಳಿಂದ ಎದುರಾದವು. ಮೊದಲ ಬಾರಿ ಅವರು ನ್ಯಾಯಪೀಠದಲ್ಲಿ ಕುಳಿತಿದ್ದರು. ಎರಡನೆಯ ಬಾರಿ ಅವರದೇ ಮಾತಿನ ಹಕ್ಕು ನ್ಯಾಯಪೀಠದ ಮುಂದಿತ್ತು. ಅವರು ಮಹಮ್ಮದ್ ಅಲಿ ಕರೀಂ ಛಾಗಲಾ.

ಛಾಗಲಾ ಅವರು 1900ರ ಸೆಪ್ಟೆಂಬರ್ 30ರಂದು ಮುಂಬಯಿಯ ಖೋಜಾ ವ್ಯಾಪಾರಿ ಮನೆತನವೊಂದರಲ್ಲಿ ಜನಿಸಿದರು. ಮನೆತನದ ಅಡ್ಡಹೆಸರು ಮರ್ಚಂಟ್ ಎಂದಿತ್ತು. ಅದನ್ನು ಬಿಟ್ಟು ಅವರು ಛಾಗಲಾ ಎಂಬುದನ್ನು ಆಯ್ದುಕೊಂಡರು. ಸೇಂಟ್ ಝೇವಿಯರ್ಸ್‌ನಲ್ಲಿ ವಿದ್ಯಾಭ್ಯಾಸ ಮುಗಿಸಿ ಆಕ್ಸ್‌ಫರ್ಡಿನ ಲಿಂಕನ್ ಕಾಲೇಜಿನಲ್ಲಿ ಇತಿಹಾಸವನ್ನು ಓದಿ, 1922ರಲ್ಲಿ ಬ್ಯಾರಿಸ್ಟರ್ ಆಗಿ ಹಿಂದಿರುಗಿದರು. ಆಗ ಮುಂಬಯಿಯ ವಕೀಲ ವೃಂದದಲ್ಲಿ ಮಹಮ್ಮದ್ ಅಲಿ ಜಿನ್ನಾ ಅವರ ಹೆಸರು ದೊಡ್ಡದು. ತರುಣ ಛಾಗಲಾ ಅವರ ಕಿರಿಯ ಸಹಾಯಕರಾಗಿ ಸೇರಿದರು. ಮುಸ್ಲಿಂ ಲೀಗಿನಲ್ಲಿಯೂ ಅವರ ಜೊತೆಗೆ ದುಡಿದರು. 1928ರಲ್ಲಿ ನೆಹರೂ ವರದಿಯ ಪ್ರಶ್ನೆ ಬಂದಾಗ ಗುರುಶಿಷ್ಯರ ದಾರಿಗಳು ಬೇರೆಯಾದವು. ವರದಿಯನ್ನು ಛಾಗಲಾ ಬೆಂಬಲಿಸಿದರು, ಜಿನ್ನಾ ಒಪ್ಪಲಿಲ್ಲ. ಮತಧರ್ಮದ ಹೆಸರಿನಲ್ಲಿ ರಾಜಕೀಯ ಹಕ್ಕುಗಳನ್ನು ಹಂಚುವುದು ಸಲ್ಲದೆಂಬ ನಿಲುವನ್ನು ಛಾಗಲಾ ಕೊನೆಯವರೆಗೂ ಬಿಟ್ಟುಕೊಡಲಿಲ್ಲ. ಇದೇ ಕಾಲದಲ್ಲಿ, 1927ರಿಂದ 1930ರವರೆಗೆ, ಅವರು ಸರಕಾರಿ ಕಾನೂನು ಕಾಲೇಜಿನಲ್ಲಿ ಸಂವಿಧಾನ ಶಾಸ್ತ್ರವನ್ನು ಬೋಧಿಸಿದರು. ದೇಶಕ್ಕೆ ತನ್ನದೇ ಆದ ಸಂವಿಧಾನವಿನ್ನೂ ಇಲ್ಲದಿದ್ದ ದಿನಗಳವು. 1941ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. 1946ರಲ್ಲಿ ದಕ್ಷಿಣ ಆಫ್ರಿಕದ ಭಾರತೀಯರ ಪ್ರಶ್ನೆಯನ್ನು ವಿಶ್ವಸಂಸ್ಥೆಯ ಮುಂದಿಟ್ಟ ಭಾರತೀಯ ನಿಯೋಗದಲ್ಲಿ ಅವರಿದ್ದರು. 1947ರ ಆಗಸ್ಟ್ 15ರಂದು, ಸ್ವಾತಂತ್ರ್ಯ ಬಂದ ದಿನವೇ, ಅವರು ಮುಖ್ಯ ನ್ಯಾಯಮೂರ್ತಿಯಾದರು. ಆ ಸ್ಥಾನಕ್ಕೆ ಕಾಯಂ ಆಗಿ ನೇಮಕಗೊಂಡ ಮೊದಲ ಭಾರತೀಯರು ಅವರೇ.

ಛಾಗಲಾ ಅವರ ಕೆಲಸದ ಬೆಲೆಯನ್ನು ತಿಳಿಯಬೇಕಾದರೆ ಅವರ ಕೈಗೆ ಬಂದ ಕಾನೂನಿನ ಸ್ಥಿತಿಯನ್ನು ಮೊದಲು ನೋಡಬೇಕು. ಸರಕಾರದ ಅಧಿಕಾರಿಯೊಬ್ಬನ ಆಜ್ಞೆಯನ್ನು ರದ್ದುಗೊಳಿಸುವ, ಅಥವಾ ಅವನು ಮಾಡಬೇಕಾದ ಕರ್ತವ್ಯವನ್ನು ಅವನಿಂದ ಮಾಡಿಸುವ ವಿಶೇಷ ಆಜ್ಞೆಗಳಿಗೆ ರಿಟ್ ಎಂದು ಹೆಸರು. 1950ಕ್ಕೆ ಮುಂಚೆ ಇವುಗಳನ್ನು ಹೊರಡಿಸುವ ಅಧಿಕಾರವಿದ್ದುದು ಕಲಕತ್ತೆ, ಮದರಾಸು, ಮುಂಬಯಿ ಈ ಮೂರು ಉಚ್ಚ ನ್ಯಾಯಾಲಯಗಳಿಗೆ ಮಾತ್ರ. ಅದೂ ಅಕ್ರಮ ಬಂಧನದ ಪ್ರಶ್ನೆಯನ್ನು ಬಿಟ್ಟರೆ ಆಯಾ ನಗರದ ಎಲ್ಲೆಯೊಳಗೆ ಮಾತ್ರ. 1943ರಲ್ಲಿ ಪರ್ಲಾಕಿಮೆಡಿ ಜಮೀನ್ದಾರಿಯ ರೈತರು ತಮ್ಮ ಗೇಣಿಯನ್ನು ಏರಿಸಿದ ಕಂದಾಯ ಮಂಡಲಿಯ ಆಜ್ಞೆಯ ವಿರುದ್ಧ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋದರು. ಮಂಡಲಿಯ ಕಚೇರಿ ಮದರಾಸು ನಗರದಲ್ಲಿದ್ದರೂ ರೈತರ ಹೊಲಗಳು ನಗರದ ಹೊರಗಿದ್ದುದರಿಂದ ಮದರಾಸಿನ ನ್ಯಾಯಾಲಯಕ್ಕೆ ಅಧಿಕಾರವಿಲ್ಲವೆಂದು ತೀರ್ಪಾಯಿತು. ಇದರ ಜೊತೆಗೆ 1877ರ ಕಾಯಿದೆಯೊಂದು ಇಂಥ ಆಜ್ಞೆಗಳು ಸರಕಾರವನ್ನೇ ಕಟ್ಟಿಹಾಕದಂತೆ ತಡೆಯನ್ನೂ ಒಡ್ಡಿತ್ತು. ಅಂದರೆ ಗಿರಗಾಂವದ ಬಾಡಿಗೆದಾರನಿಗೆ ಸಿಗಬಹುದಾಗಿದ್ದ ಪರಿಹಾರ ಗದಗಿನ ರೈತನಿಗೆ ಸಿಗುವಂತಿರಲಿಲ್ಲ. ನ್ಯಾಯಾಲಯ ಒಂದೇ, ನ್ಯಾಯಾಧೀಶರೂ ಅವರೇ. ಆದರೆ ಪ್ರಜೆಯ ಹಕ್ಕು ನಗರದ ಗಡಿಯಲ್ಲಿ ಮುಗಿದುಹೋಗುತ್ತಿತ್ತು.

ಈ ಇಕ್ಕಟ್ಟಿನ ನಡುವೆಯೂ ಛಾಗಲಾ ಅವರ ನ್ಯಾಯಾಲಯ ಏನು ಮಾಡಿತೆಂಬುದಕ್ಕೆ ಖುಶಾಲದಾಸ್ ಅಡ್ವಾಣಿ ಮೊಕದ್ದಮೆ ಒಳ್ಳೆಯ ನಿದರ್ಶನ. ದೇಶವಿಭಜನೆಯ ಮರುವರ್ಷ, 1948ರಲ್ಲಿ, ಮುಂಬಯಿಯಲ್ಲಿ ಮನೆಗಳ ಅಭಾವ ಭೀಕರವಾಗಿತ್ತು. ಸಿಂಧ್‌ನಿಂದ ಬಂದ ನಿರಾಶ್ರಿತರಿಗಾಗಿ ಸರಕಾರ ಮನೆಗಳನ್ನು ವಶಪಡಿಸಿಕೊಳ್ಳುತ್ತಿತ್ತು. ವಾರ್ಡನ್ ರಸ್ತೆಯ ಮನೆಯೊಂದನ್ನು ಹೀಗೆ ವಶಪಡಿಸಿಕೊಂಡಾಗ ಅದರಲ್ಲಿ ನೆಲೆಸಿದ್ದವರು ನ್ಯಾಯಾಲಯಕ್ಕೆ ಬಂದರು. ಒಬ್ಬನ ಮನೆಯನ್ನು ಕಿತ್ತುಕೊಳ್ಳುವ ಮುನ್ನ ಅದು ನಿಜವಾಗಿಯೂ ಸಾರ್ವಜನಿಕ ಉದ್ದೇಶಕ್ಕಾಗಿಯೇ ಎಂಬುದನ್ನು ನ್ಯಾಯದ ರೀತಿಯಲ್ಲಿ ನಿರ್ಣಯಿಸಬೇಕೆಂದು ಭಾವಿಸಿ ಉಚ್ಚ ನ್ಯಾಯಾಲಯ ಸರಕಾರದ ಆಜ್ಞೆಯನ್ನು ರದ್ದುಮಾಡಿತು. ಛಾಗಲಾ ಅವರಿದ್ದ ಅಪೀಲು ಪೀಠವೂ ಅದನ್ನೇ ಎತ್ತಿಹಿಡಿಯಿತು. 1950ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಬಹುಮತದಿಂದ ಈ ತೀರ್ಪನ್ನು ತಿರುಗಿಸಿತು. ಅದು ಕೇವಲ ಆಡಳಿತಾತ್ಮಕ ನಿರ್ಣಯ, ಆ ಬಗೆಯ ರಿಟ್ಟಿಗೆ ಒಳಪಡುವುದಿಲ್ಲ ಎಂಬುದು ಅಲ್ಲಿ ಬಂದ ಅಭಿಪ್ರಾಯ. ಆದರೆ ಕಾಲ ಮುಂಬಯಿಯ ಪಕ್ಷವನ್ನೇ ವಹಿಸಿತೆನ್ನಬೇಕು. 1969ರ ಕ್ರೈಪಾಕ್ ಮೊಕದ್ದಮೆಯ ಹೊತ್ತಿಗೆ ಸರ್ವೋಚ್ಚ ನ್ಯಾಯಾಲಯವೇ ಆಡಳಿತ ನಿರ್ಣಯ ಮತ್ತು ನ್ಯಾಯನಿರ್ಣಯಗಳ ನಡುವಣ ಗೆರೆ ಮಸುಕಾಗಿದೆಯೆಂದು ಒಪ್ಪಿಕೊಂಡಿತು.

1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂದಿತು. ಅದರ 226ನೆಯ ಅನುಚ್ಛೇದ ಪ್ರತಿಯೊಂದು ಉಚ್ಚ ನ್ಯಾಯಾಲಯಕ್ಕೂ, ಅದರ ಅಧಿಕಾರಕ್ಷೇತ್ರದ ಉದ್ದಗಲಕ್ಕೂ, ಯಾವುದೇ ಅಧಿಕಾರಿಗೆ, ಅಗತ್ಯವಿದ್ದರೆ ಸರಕಾರಕ್ಕೇ, ರಿಟ್ಟುಗಳನ್ನು ಹೊರಡಿಸುವ ಶಕ್ತಿಯನ್ನು ನೀಡಿತು. ಮೂಲಭೂತ ಹಕ್ಕುಗಳ ರಕ್ಷಣೆಗೆ ಮಾತ್ರವಲ್ಲ, ಇತರ ಯಾವುದೇ ಉದ್ದೇಶಕ್ಕೂ ಈ ಶಕ್ತಿಯನ್ನು ಬಳಸಬಹುದಾಗಿದ್ದುದರಿಂದ ಇದು ಈ ಬಾಬಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಅಧಿಕಾರಕ್ಕಿಂತಲೂ ವಿಶಾಲವಾದದ್ದು. ಗದಗಿನ ರೈತನೂ ಗಿರಗಾಂವದ ಬಾಡಿಗೆದಾರನೂ ಒಂದೇ ಸಾಲಿನಲ್ಲಿ ನಿಲ್ಲುವಂತಾದದ್ದು ಆ ದಿನ. ಬರೆದಿಟ್ಟ ಶಕ್ತಿ ಬಳಕೆಯಿಂದಲೇ ಜೀವ ಪಡೆಯುತ್ತದೆ. ಮುಂದಿನ ಎಂಟು ವರ್ಷ ಮುಂಬಯಿ ಪ್ರಾಂತದಲ್ಲಿ ಅದಕ್ಕೆ ಜೀವ ತುಂಬುವ ಕೆಲಸದ ಮುಂಚೂಣಿಯಲ್ಲಿದ್ದವರು ಛಾಗಲಾ.

ಆ ವರ್ಷವೇ ಎರಡು ಮುಖ್ಯ ಪ್ರಕರಣಗಳು ಬಂದವು. ಒಂದು ಗಡಿಪಾರಿನದು. ವ್ಯಕ್ತಿಯೊಬ್ಬನನ್ನು ಅವನ ಅಹವಾಲನ್ನು ಕೇಳದೆಯೇ ಊರಿನಿಂದ ಹೊರಹಾಕುವ ಅಧಿಕಾರವನ್ನು ಮುಂಬಯಿಯ ಭದ್ರತಾ ಕಾಯಿದೆ ನೀಡಿತ್ತು. ಛಾಗಲಾ ಅವರಿದ್ದ ಪೂರ್ಣಪೀಠ ಜೇಸಿಂಗಭಾಯಿ ಮೊಕದ್ದಮೆಯಲ್ಲಿ ಆ ಅಧಿಕಾರವನ್ನು ಅಸಿಂಧುವೆಂದು ಸಾರಿತು. ನಿರ್ಬಂಧ ಯಾವುದೆಂಬುದಷ್ಟೇ ಅಲ್ಲ, ಅದನ್ನು ಹೇರುವ ಕ್ರಮವೂ ನ್ಯಾಯಸಮ್ಮತವಾಗಿರಬೇಕು ಎಂಬುದು ಅದರ ಸಾರ. ಎರಡನೆಯದು ಪಾನನಿಷೇಧದ್ದು. 1949ರ ಮುಂಬಯಿ ಪಾನನಿಷೇಧ ಕಾಯಿದೆಯನ್ನು ಎಫ್. ಎನ್. ಬಾಲಸರಾ ಎಂಬ ಪಾರ್ಸಿ ನಾಗರಿಕರು ಪ್ರಶ್ನಿಸಿದರು. ವಿಸ್ಕಿ, ಬ್ರಾಂದಿಗಳ ಜೊತೆಗೆ ಔಷಧಿಯ ದ್ರಾಕ್ಷಾರಸ, ಸುಗಂಧದ್ರವ್ಯಗಳನ್ನು ಇಟ್ಟುಕೊಳ್ಳುವ ಹಕ್ಕನ್ನೂ ಅವರು ಕೇಳಿದ್ದರು. ಪಾನನಿಷೇಧವು ಆಗಿನ ಸರಕಾರದ ಪ್ರತಿಷ್ಠೆಯ ಕಾರ್ಯಕ್ರಮವಾಗಿತ್ತು. ಹಿಂದೆ ಗಾಂಧೀಜಿಯವರ ಹೆಸರಿತ್ತು. ಹಾಗಿದ್ದೂ ಉಚ್ಚ ನ್ಯಾಯಾಲಯ ಕಾಯಿದೆಯ ಹಲವು ಕಲಮುಗಳನ್ನು ತಳ್ಳಿಹಾಕಿತು. ಮರುವರ್ಷ ಸರ್ವೋಚ್ಚ ನ್ಯಾಯಾಲಯ ಕಾಯಿದೆಯ ಹೆಚ್ಚಿನ ಭಾಗವನ್ನು ಉಳಿಸಿತಾದರೂ ಔಷಧಿ ಹಾಗೂ ಸುಗಂಧದ್ರವ್ಯಗಳ ಮಟ್ಟಿಗೆ ನಾಗರಿಕನ ಮಾತು ನಿಂತಿತು. ಉದ್ದೇಶ ಎಷ್ಟೇ ಉದಾತ್ತವಾಗಿದ್ದರೂ ಸರಕಾರ ತನ್ನ ಅಧಿಕಾರದ ಮೂಲವನ್ನು ತೋರಿಸಲೇಬೇಕೆಂಬುದು ಇಲ್ಲಿ ಸ್ಪಷ್ಟವಾಯಿತು.

ಇದರಿಂದ ಛಾಗಲಾ ಅವರು ಸದಾ ಸರಕಾರದ ವಿರೋಧಿಯಾಗಿದ್ದರೆಂದು ಭಾವಿಸಬಾರದು. 1951ರ ನರಸು ಅಪ್ಪಾ ಮಾಳಿ ಮೊಕದ್ದಮೆಯಲ್ಲಿ ಹಿಂದೂ ದ್ವಿಪತ್ನಿತ್ವವನ್ನು ನಿಷೇಧಿಸಿದ ಮುಂಬಯಿ ಕಾಯಿದೆಯನ್ನು ಅವರೂ ನ್ಯಾಯಮೂರ್ತಿ ಗಜೇಂದ್ರಗಡಕರ್ ಅವರೂ ಎತ್ತಿಹಿಡಿದರು. ಸಮಾಜ ಸುಧಾರಣೆಯನ್ನು ಹಂತಹಂತವಾಗಿ ಕೈಗೊಳ್ಳಲು ಸರಕಾರಕ್ಕೆ ಅವಕಾಶವಿದೆಯೆಂದು ಒಪ್ಪಿದರು. ಆದರೆ ಅದೇ ತೀರ್ಪಿನಲ್ಲಿ ಧರ್ಮಮೂಲವಾದ ವೈಯಕ್ತಿಕ ಕಾನೂನುಗಳು ಮೂಲಭೂತ ಹಕ್ಕುಗಳ ಪರೀಕ್ಷೆಗೆ ಒಳಪಡುವುದಿಲ್ಲವೆಂದೂ ನಿರ್ಣಯವಾಯಿತು. ಈ ನಿರ್ಣಯ ಮುಂದೆ ಅನೇಕ ಮಹಿಳೆಯರ ದಾರಿಗೆ ಅಡ್ಡಿಯಾಯಿತೆಂಬ ಟೀಕೆ ಬಂದಿದೆ. 2018ರ ಶಬರಿಮಲೆ ತೀರ್ಪಿನಲ್ಲಿ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಇದರ ಆಧಾರವನ್ನೇ ಪ್ರಶ್ನಿಸಿದರು. ನಾಗರಿಕನ ಬಾಗಿಲನ್ನು ಅಗಲವಾಗಿ ತೆರೆದ ಕೈಯೇ ಇಲ್ಲೊಂದು ಬಾಗಿಲನ್ನು ಮುಚ್ಚಿತು ಎಂಬುದನ್ನು ಮರೆಮಾಚುವುದು ಸರಿಯಲ್ಲ.

ಛಾಗಲಾ ಅವರ ನ್ಯಾಯದೃಷ್ಟಿಯ ತಿರುಳು ಇಂಥ ದೊಡ್ಡ ಮೊಕದ್ದಮೆಗಳಿಗಿಂತ ಒಂದು ಸಣ್ಣ ಮೊಕದ್ದಮೆಯಲ್ಲಿ ಹೆಚ್ಚು ಚೆನ್ನಾಗಿ ಕಾಣುತ್ತದೆ. ಕಾಲುರಾಮ್ ಸೀತಾರಾಮ್ ಎಂಬ ವ್ಯಾಪಾರಿ ಸಂಸ್ಥೆ ಸರಕಾರದ ಮೇಲೆ ಹೂಡಿದ ದಾವೆಯದು. ನ್ಯಾಯ ಯಾರ ಕಡೆಗಿದೆ ಎಂಬ ಪ್ರಶ್ನೆಯನ್ನು ಎದುರಿಸುವ ಬದಲು ಸರಕಾರ ಕಾಲಮಿತಿಯ ಆಕ್ಷೇಪವನ್ನು ಮುಂದೊಡ್ಡಿತು. ಖಾಸಗಿ ಪ್ರತಿವಾದಿ ಹಾಗೆ ಮಾಡಿದರೆ ಅದು ಅವನ ಹಕ್ಕು. ಆದರೆ ಸರಕಾರ ಖಾಸಗಿ ಪ್ರತಿವಾದಿಯಲ್ಲ. ನಾಗರಿಕನ ಬೇಡಿಕೆ ನ್ಯಾಯವಾದದ್ದೆಂದು ತನಗೇ ಮನವರಿಕೆಯಾಗಿರುವಾಗ ಅದು ತಾಂತ್ರಿಕ ನೆಪಗಳ ಮರೆಯಲ್ಲಿ ಅಡಗಬಾರದು, ಪ್ರಾಮಾಣಿಕ ಮನುಷ್ಯನಂತೆ ನಡೆದುಕೊಳ್ಳಬೇಕು ಎಂದು ಛಾಗಲಾ ಆ ತೀರ್ಪಿನಲ್ಲಿ ತಿಳಿಹೇಳಿದರು. ಕಾನೂನಿನ ಪುಸ್ತಕದಲ್ಲಿ ಈ ಕರ್ತವ್ಯವನ್ನು ಯಾರೂ ಬರೆದಿರಲಿಲ್ಲ. 1979ರಲ್ಲಿ ಮದರಾಸು ಬಂದರು ಮಂಡಲಿಯ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದೇ ಬುದ್ಧಿವಾದವನ್ನು ಹೇಳಿತು. ದೇಶದ ನ್ಯಾಯಾಲಯಗಳಲ್ಲಿ ಅತಿ ದೊಡ್ಡ ಕಕ್ಷಿದಾರ ಸರಕಾರವೇ ಆಗಿರುವಾಗ ಈ ಮಾತಿನ ತೂಕ ಕಡಿಮೆಯಾಗಿಲ್ಲ. ಅಧಿಕಾರಿಯ ಆಜ್ಞೆಯನ್ನು ರದ್ದುಮಾಡುವುದು ನ್ಯಾಯಾಲಯದ ಕೈಯಲ್ಲಿದೆ. ನಾಗರಿಕನನ್ನು ನ್ಯಾಯಾಲಯದವರೆಗೆ ಓಡಿಸದಿರುವುದು ಸರಕಾರದ ಕೈಯಲ್ಲಿದೆ. ಛಾಗಲಾ ಎರಡನ್ನೂ ಬಲ್ಲವರಾಗಿದ್ದರು.

ಅವರ ನ್ಯಾಯಾಲಯದ ನಡಾವಳಿಯೂ ಇದಕ್ಕೆ ತಕ್ಕಂತಿತ್ತು. ವಾದ ಮುಗಿದೊಡನೆ, ಕಕ್ಷಿದಾರರ ಎದುರಿನಲ್ಲಿಯೇ, ತೀರ್ಪನ್ನು ಬಾಯಿಯಿಂದ ಹೇಳಿ ಬರೆಸುವುದು ಅವರ ರೂಢಿ. ದೂರದ ಜಿಲ್ಲೆಯಿಂದ ಬಂದವನಿಗೆ ತಡವಾದ ನ್ಯಾಯವೆಂದರೆ ಇನ್ನೊಂದು ಪ್ರಯಾಣ, ಇನ್ನೊಂದು ಸಾಲ.

1958ರ ಆರಂಭದಲ್ಲಿ ಅವರನ್ನು ಮುಂದ್ರಾ ಪ್ರಕರಣದ ಏಕಸದಸ್ಯ ಆಯೋಗವಾಗಿ ನೇಮಿಸಲಾಯಿತು. ಜೀವವಿಮಾ ನಿಗಮ ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಕಂಪನಿಗಳ ಷೇರುಗಳನ್ನು ಕೊಂಡ ಬಗೆಯನ್ನು ಫಿರೋಜ್ ಗಾಂಧಿ ಅವರು ಲೋಕಸಭೆಯಲ್ಲಿ ಬಯಲಿಗೆಳೆದಿದ್ದರು. ಛಾಗಲಾ ವಿಚಾರಣೆಯನ್ನು ಬಹಿರಂಗವಾಗಿ ನಡೆಸಿ ಕೆಲವೇ ವಾರಗಳಲ್ಲಿ ಮುಗಿಸಿದರು. ಕಾರ್ಯದರ್ಶಿಯ ಕೃತ್ಯಕ್ಕೆ ಸಚಿವನೇ ಸಂಸತ್ತಿಗೆ ಹೊಣೆಗಾರನೆಂಬ ಅವರ ವರದಿಯ ಫಲವಾಗಿ ಅರ್ಥಸಚಿವ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಡಬೇಕಾಯಿತು. ಸ್ವತಂತ್ರ ಭಾರತದಲ್ಲಿ ಸರಕಾರ ತಾನೇ ನೇಮಿಸಿದವನ ಮುಂದೆ ಹೀಗೆ ಬಹಿರಂಗವಾಗಿ ಉತ್ತರ ಹೇಳಿದ ಪ್ರಸಂಗಗಳು ಅಪರೂಪ.

ಇದರ ಬೆನ್ನಲ್ಲೇ ಅವರ ಜೀವನದ ಅತ್ಯಂತ ವಿವಾದಾಸ್ಪದವಾದ ಹೆಜ್ಜೆ ಬಂದಿತು. ಅದೇ 1958ರಲ್ಲಿ ನ್ಯಾಯಪೀಠವನ್ನು ಬಿಟ್ಟು ಅಮೆರಿಕದಲ್ಲಿ ಭಾರತದ ರಾಯಭಾರಿಯಾಗಲು ಅವರು ಒಪ್ಪಿದರು. ಎಂ. ಸಿ. ಸೆಟಲ್‌ವಾಡ್ ಅವರ ಅಧ್ಯಕ್ಷತೆಯ ಕಾನೂನು ಆಯೋಗ ಅದೇ ವರ್ಷದ ತನ್ನ ಹದಿನಾಲ್ಕನೆಯ ವರದಿಯಲ್ಲಿ, ನಿವೃತ್ತ ನ್ಯಾಯಾಧೀಶರು ಸರಕಾರದ ಹುದ್ದೆಗಳನ್ನು ಸ್ವೀಕರಿಸಬಾರದೆಂದು ಶಿಫಾರಸು ಮಾಡಿತ್ತು. ಛಾಗಲಾ ಆ ಆಯೋಗದ ಸದಸ್ಯರಲ್ಲೊಬ್ಬರು. ಸೆಟಲ್‌ವಾಡ್ ಇದನ್ನು ಕ್ಷಮಿಸಲಿಲ್ಲ. ನಾಗರಿಕ ಮತ್ತು ಸರಕಾರದ ನಡುವೆ ತಕ್ಕಡಿ ಹಿಡಿದವನು ನಾಳೆ ಸರಕಾರದಿಂದ ಹುದ್ದೆಯನ್ನು ಪಡೆಯುವಂತಿದ್ದರೆ ಇಂದು ಅವನೆದುರು ನಿಂತ ನಾಗರಿಕನ ನಂಬಿಕೆ ಏನಾಗಬೇಕು? ಛಾಗಲಾ ಅವರ ತೀರ್ಪುಗಳನ್ನು ಓದಿದವರಾರೂ ಅವರು ಹುದ್ದೆಯ ಆಸೆಗೆ ತೀರ್ಪನ್ನು ಬಾಗಿಸಿದರೆಂದು ಹೇಳಲಾರರು. ಆದರೆ ಪ್ರಶ್ನೆ ಅವರೊಬ್ಬರ ಶುದ್ಧತೆಯದಲ್ಲ, ಹಾಕಿಕೊಟ್ಟ ಮೇಲ್ಪಂಕ್ತಿಯದು. ಆ ಪ್ರಶ್ನೆ ಇನ್ನೂ ಉತ್ತರವಿಲ್ಲದೆ ಉಳಿದಿದೆ.

1961ರವರೆಗೆ ಅಮೆರಿಕದಲ್ಲಿ, ಅನಂತರ ಇಂಗ್ಲೆಂಡಿನಲ್ಲಿ ಭಾರತದ ಪ್ರತಿನಿಧಿಯಾಗಿದ್ದು, 1963ರಲ್ಲಿ ಅವರು ನೆಹರೂ ಅವರ ಮಂತ್ರಿಮಂಡಲದಲ್ಲಿ ಶಿಕ್ಷಣ ಸಚಿವರಾದರು. 1966ರಲ್ಲಿ ವಿದೇಶಾಂಗ ಸಚಿವರಾದರು. 1967ರ ಸೆಪ್ಟೆಂಬರಿನಲ್ಲಿ ರಾಜೀನಾಮೆ ಇತ್ತರು. ಕಾರಣ ಭಾಷೆ. ವಿಶ್ವವಿದ್ಯಾಲಯಗಳಲ್ಲಿ ಇಂಗ್ಲಿಷಿನ ಸ್ಥಾನಕ್ಕೆ ಪ್ರಾದೇಶಿಕ ಭಾಷೆಗಳನ್ನು ಅವಸರದಲ್ಲಿ ತರುವ ನೀತಿ ದೇಶದ ಐಕ್ಯಕ್ಕೆ ಧಕ್ಕೆ ತರುವುದೆಂದು ಅವರು ನಂಬಿದ್ದರು. ಕನ್ನಡ ವಿಭಾಗದ ಸಂಪುಟದಲ್ಲಿ ಈ ಮಾತನ್ನು ಬರೆಯುವಾಗ ಲೇಖನಿ ತಡೆಯುವುದು ಸಹಜ. ನಂಬಿಕೆಗಾಗಿ ಪದವಿಯನ್ನು ಬಿಟ್ಟ ಅವರ ಧೈರ್ಯವನ್ನು ಗೌರವಿಸುತ್ತಲೇ ಆ ನಂಬಿಕೆಯೊಡನೆ ನಾವು ಜಗಳವಾಡಬಹುದು. 348ನೆಯ ಅನುಚ್ಛೇದದ ಪ್ರಕಾರ ಉಚ್ಚ ನ್ಯಾಯಾಲಯದ ಕಲಾಪದ ಭಾಷೆ ಇಂಗ್ಲಿಷ್. ರಾಷ್ಟ್ರಪತಿಗಳ ಒಪ್ಪಿಗೆಯಿಂದ ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯ ಪ್ರದೇಶ, ಬಿಹಾರಗಳ ಉಚ್ಚ ನ್ಯಾಯಾಲಯಗಳಲ್ಲಿ ಹಿಂದಿಗೆ ಅವಕಾಶ ದೊರೆತಿದೆ, ಕನ್ನಡಕ್ಕೆ ದೊರೆತಿಲ್ಲ. ಗದಗಿನ ರೈತ 1950ರಲ್ಲಿ ನಗರದ ಗಡಿಯನ್ನು ದಾಟಿದ. 2008ರಲ್ಲಿ ಧಾರವಾಡದಲ್ಲಿಯೇ ಸಂಚಾರಿ ಪೀಠ ಆರಂಭವಾಗಿ, ಬಳಿಕ ಕಾಯಂ ಆದುದರಿಂದ ದೂರದ ಗಡಿಯನ್ನೂ ದಾಟಿದ. ಭಾಷೆಯ ಗಡಿಯನ್ನು ಅವನಿನ್ನೂ ದಾಟಿಲ್ಲ. ತನ್ನ ಮೊಕದ್ದಮೆಯಲ್ಲಿ ತನ್ನ ಪರವಾಗಿ ಏನು ಹೇಳಲಾಯಿತೆಂಬುದನ್ನು ಅವನು ಇನ್ನೊಬ್ಬರಿಂದ ಕೇಳಿ ತಿಳಿಯಬೇಕು. ನಾಗರಿಕನ ಪರವಾಗಿ ಅಷ್ಟು ಯೋಚಿಸಿದ ಛಾಗಲಾ ಈ ಒಂದು ವಿಷಯದಲ್ಲಿ ಅವನ ನಾಲಗೆಯ ಕಡೆ ಸಾಕಷ್ಟು ನೋಡಲಿಲ್ಲವೆನ್ನದೆ ವಿಧಿಯಿಲ್ಲ.

ಸಚಿವಪದವಿಯನ್ನು ಬಿಟ್ಟ ಮೇಲೆ ಅವರು ಮತ್ತೆ ಕರಿಯ ನಿಲುವಂಗಿ ತೊಟ್ಟು ವಕೀಲರಾದರು. 1973ರಲ್ಲಿ ರೋಸಸ್ ಇನ್ ಡಿಸೆಂಬರ್ ಎಂಬ ಆತ್ಮಕಥೆ ಹೊರಬಂದಿತು. ಬದುಕಿನ ಕಥೆ ಮುಗಿಯಿತೆಂದುಕೊಳ್ಳುವ ಹೊತ್ತಿಗೆ, 1975ರ ಜೂನ್ ತಿಂಗಳಲ್ಲಿ, ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಎಪ್ಪತ್ತೈದನೆಯ ವಯಸ್ಸಿನಲ್ಲಿ ಛಾಗಲಾ ಅದರ ವಿರುದ್ಧ ಬಹಿರಂಗವಾಗಿ ಮಾತನಾಡಿದರು. ಆ ಅಕ್ಟೋಬರಿನಲ್ಲಿ ಅಹಮದಾಬಾದಿನಲ್ಲಿ ನಡೆದ ನಾಗರಿಕ ಸ್ವಾತಂತ್ರ್ಯ ಸಮ್ಮೇಳನದಲ್ಲಿ ಅವರು ಮಾಡಿದ ಭಾಷಣವನ್ನು ಭೂಮಿಪುತ್ರ ಎಂಬ ಗುಜರಾತಿ ಪತ್ರಿಕೆ ಪ್ರಕಟಿಸಿತು. ಸರಕಾರ ಪತ್ರಿಕೆಯ ಮೇಲೆ ಕ್ರಮ ಕೈಗೊಂಡಿತು. ಪತ್ರಿಕೆ ಗುಜರಾತ್ ಉಚ್ಚ ನ್ಯಾಯಾಲಯಕ್ಕೆ ಹೋಗಿ ಗೆದ್ದಿತು. ಅದೇ ತಿಂಗಳು ಮುಂಬಯಿಯ ವಕೀಲರು ಜಿನ್ನಾ ಹಾಲಿನಲ್ಲಿ ಒಂದು ಖಾಸಗಿ ಸಭೆಯನ್ನು ಕರೆದಿದ್ದರು. ವಿಷಯ ಸಂವಿಧಾನದಡಿಯ ನಾಗರಿಕ ಸ್ವಾತಂತ್ರ್ಯ. ಭಾಗವಹಿಸಬೇಕಾಗಿದ್ದವರಲ್ಲಿ ಛಾಗಲಾ ಒಬ್ಬರು. ತರುಣನಾಗಿದ್ದಾಗ ಯಾರ ಕೈಕೆಳಗೆ ಕಾನೂನು ಕಲಿತು, ಯಾರಿಂದ ದೂರ ಸರಿದಿದ್ದರೋ ಅವರದೇ ಹೆಸರಿನ ಸಭಾಂಗಣವದು. ಪೊಲೀಸರು ಸಭೆಯನ್ನು ತಡೆದರು. ವಕೀಲರು 226ನೆಯ ಅನುಚ್ಛೇದದಡಿ ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಡಿಸೆಂಬರಿನಲ್ಲಿ ನ್ಯಾಯಾಲಯ ಆ ನಿಷೇಧವನ್ನು ರದ್ದುಗೊಳಿಸಿತು. ತಾವು ಹನ್ನೊಂದು ವರ್ಷ ಮುಖ್ಯ ನ್ಯಾಯಮೂರ್ತಿಯಾಗಿ ಕುಳಿತಿದ್ದ ಮನೆಯಿಂದಲೇ, ತಾವೇ ಸವೆಸಿದ ದಾರಿಯಲ್ಲಿ, ಛಾಗಲಾ ಅವರಿಗೆ ಮಾತನಾಡುವ ಹಕ್ಕು ಮರಳಿ ಬಂದಿತು.

ಆದರೆ ಆ ಬಾಗಿಲು ಬಹುಕಾಲ ತೆರೆದಿರಲಿಲ್ಲ. ತುರ್ತು ಪರಿಸ್ಥಿತಿಯಲ್ಲಿಯೂ ಬಂದಿಗಳ ಅರ್ಜಿಗಳನ್ನು ಕೇಳಬಹುದೆಂದು ಒಂಬತ್ತು ಉಚ್ಚ ನ್ಯಾಯಾಲಯಗಳು ನಿರ್ಣಯಿಸಿದ್ದವು. ಅವುಗಳಲ್ಲಿ ಕರ್ನಾಟಕದ್ದೂ ಒಂದು. 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರ ಭಿನ್ನಮತದೊಡನೆ ಆ ಎಲ್ಲ ನಿರ್ಣಯಗಳನ್ನೂ ತಿರುಗಿಸಿತು. ಅದೇ ವರ್ಷ ನಲವತ್ತೆರಡನೆಯ ತಿದ್ದುಪಡಿ ಉಚ್ಚ ನ್ಯಾಯಾಲಯಗಳ ರಿಟ್ ಅಧಿಕಾರವನ್ನೇ ಮೊಟಕುಗೊಳಿಸಿತು. 1978ರ ನಲವತ್ತನಾಲ್ಕನೆಯ ತಿದ್ದುಪಡಿಯಿಂದ ಆ ಅಧಿಕಾರ ಮತ್ತೆ ಮೈತುಂಬಿಕೊಂಡಿತು. ಅದನ್ನು ಕಣ್ಣಾರೆ ಕಂಡು, 1981ರ ಫೆಬ್ರವರಿ 9ರಂದು ಛಾಗಲಾ ತೀರಿಕೊಂಡರು. ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ಅವರ ಪ್ರತಿಮೆಯಿದೆ.

1976ರ ಆ ತೀರ್ಪು ಪೂರ್ಣವಾಗಿ ಅಳಿಸಿಹೋಗಲು 2017ರವರೆಗೆ ಕಾಯಬೇಕಾಯಿತು. ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ಹಳೆಯ ತೀರ್ಪನ್ನೂ ತಳ್ಳಿಹಾಕಿತು. ಸರಕಾರದ ವಿರುದ್ಧ ಆ ಅರ್ಜಿಯನ್ನು ತಂದವರು ಕೆ. ಎಸ್. ಪುಟ್ಟಸ್ವಾಮಿ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರು. ನ್ಯಾಯಪೀಠದಿಂದ ಇಳಿದು ಬಂದು ಅರ್ಜಿದಾರನ ಸಾಲಿನಲ್ಲಿ ನಿಲ್ಲುವುದರಲ್ಲಿ ಕೀಳೇನೂ ಇಲ್ಲವೆಂದು ತೋರಿಸಿದವರು ಅವರು. ಛಾಗಲಾ ಅವರ ಬದುಕು ಹೇಳುವುದೂ ಅದನ್ನೇ. ನ್ಯಾಯಾಧೀಶ, ರಾಯಭಾರಿ, ಸಚಿವ ಎಂಬ ಪದವಿಗಳೆಲ್ಲ ಒಂದು ದಿನ ಕಳಚಿಬೀಳುತ್ತವೆ. ಉಳಿಯುವುದು ನಾಗರಿಕ ಎಂಬ ಪದವಿಯೊಂದೇ. ಅಧಿಕಾರದಲ್ಲಿರುವಾಗ ಆ ಪದವಿಗಾಗಿ ತೆರೆದಿಟ್ಟ ಬಾಗಿಲಿನಿಂದಲೇ ಮುಂದೊಂದು ದಿನ ತಾನೂ ಒಳಗೆ ಹೋಗಬೇಕಾಗಬಹುದು.